ಬದಿಗಿಟ್ಟ ಚೀಟಿ: ಒಂದು ಸಾರ್ವಜನಿಕ ಉಪನ್ಯಾಸದ ಪ್ರಕರಣ

ನನ್ನ ಮೇಜಿನ ಖಾನೆಯಲ್ಲಿ ಒಂದು ಚೀಟಿ ಇದೆ. ನೋಟ್‌ಬುಕ್ಕಿನ ಹಾಳೆಯನ್ನು ನಾಲ್ಕಾಗಿ ಹರಿದು ಮಾಡಿದ್ದು; ಒಂದು ಅಂಚು ಓರೆಯಾಗಿದೆ. ನೀಲಿ ಶಾಯಿಯಲ್ಲಿ ಮೂರು ಸಾಲು: ‘ಆ ಗದ್ದೆ ಉತ್ತದ್ದು ನನ್ನ ಅಜ್ಜಿಯ ಅಪ್ಪ. ನೇಜಿ ನೆಟ್ಟದ್ದು ಅಜ್ಜಿಯ ಅಮ್ಮ. ಅವರಿಗೆ ಯಾಕೆ ಸಿಗಲಿಲ್ಲ ಎಂದು ಅಜ್ಜಿ ಕೇಳುತ್ತಿದ್ದಾರೆ.’ ನೇಜಿ ಎಂದರೆ ಭತ್ತದ ಸಸಿ. ಕೆಳಗೆ ಹೆಸರಿಲ್ಲ. ಮೇಲಿನ ಮೂಲೆಯಲ್ಲಿ ಪೆನ್ಸಿಲಿನಿಂದ ‘ವೈ’ ಎಂದು ಬರೆದಿದೆ. ವೈಯಕ್ತಿಕ ಎಂಬುದರ ಗುರುತು ಅದು. ಆ ಅಕ್ಷರ ಬರೆದವಳು ನಾನು.

ನಾನು ಮಂಗಳೂರಿನ ಒಂದು ಪದವಿ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಕಲಿಸುತ್ತೇನೆ. ನಮ್ಮ ವಿಭಾಗ ವರ್ಷಕ್ಕೆ ನಾಲ್ಕೈದು ಸಾರ್ವಜನಿಕ ಉಪನ್ಯಾಸಗಳನ್ನು ಏರ್ಪಡಿಸುತ್ತದೆ. ರಾಜಕೀಯ, ಸಾಮಾಜಿಕ ನ್ಯಾಯ, ಹೊರದೇಶಗಳ ವಿದ್ಯಮಾನ, ಹೀಗೆ ವಿಷಯಗಳು. ಅವುಗಳ ಸಂಚಾಲಕಿ ನಾನು. ಇಲ್ಲಿ ದಾಖಲಿಸುತ್ತಿರುವುದು 2024ರ ಮಾರ್ಚ್ ಮೊದಲ ವಾರದಲ್ಲಿ ನಡೆದ ಒಂದು ಉಪನ್ಯಾಸವನ್ನು ಮತ್ತು ಅದೇ ವಿಷಯದ ಮೇಲೆ ಜುಲೈ-ಆಗಸ್ಟ್ ನಡುವೆ ಬರುವ ತುಳುವರ ಆಟಿ ತಿಂಗಳಲ್ಲಿ ನಾವು ಮತ್ತೆ ಸೇರಿದ ಕೂಟವನ್ನು. ಸಭೆಗಳನ್ನು ನಡೆಸುವ ಸಹೋದ್ಯೋಗಿಗಳಿಗೆ ಇದರಿಂದ ಏನಾದರೂ ಸಿಗಬಹುದು ಎಂಬ ಆಸೆಯಿಂದ ಬರೆಯುತ್ತಿದ್ದೇನೆ.

ವಿಷಯವನ್ನು ಆರಿಸಿದ್ದು

1974ರ ಮಾರ್ಚ್ 1 ನಮ್ಮ ಜಿಲ್ಲೆಯಲ್ಲಿ ಬರಿಯ ಒಂದು ತಾರೀಕಾಗಿ ಉಳಿದಿಲ್ಲ. ಕರ್ನಾಟಕದ ಭೂಸುಧಾರಣಾ ಕಾಯ್ದೆ 1961ರದ್ದು. ಅದು ಜಾರಿಗೆ ಬಂದದ್ದು 1965ರ ಅಕ್ಟೋಬರ್ 2ರಂದು. ಆದರೆ ಕಾಯ್ದೆಗೆ ಹಲ್ಲು ಮೂಡಿದ್ದು ದೇವರಾಜ ಅರಸು ಸರ್ಕಾರ ತಂದ ತಿದ್ದುಪಡಿಯಿಂದ. ಗೇಣಿಯಲ್ಲಿದ್ದ ಕೃಷಿಭೂಮಿ ಆ ಮಾರ್ಚ್ 1ರಂದು ಸರ್ಕಾರದ ವಶಕ್ಕೆ ಬಂದಿತು. ಗೇಣಿದಾರರು 7ನೇ ನಮೂನೆಯಲ್ಲಿ ಅರ್ಜಿ ಹಾಕಬೇಕು, ಭೂನ್ಯಾಯ ಮಂಡಳಿ ವಿಚಾರಣೆ ನಡೆಸಿ ಭೂಮಿಯನ್ನು ಅವರ ಹೆಸರಿಗೆ ಮಾಡುವ ಅಧಿಭೋಗದ ಹಕ್ಕು ಕೊಡಬೇಕು. ಅರ್ಜಿಯ ಗಡುವು ಮುಂದೆ ಹೋಗುತ್ತಾ ಹೋಗುತ್ತಾ 1979ರ ಜೂನ್ 30ಕ್ಕೆ ನಿಂತಿತು. ನಮ್ಮ ಕಡೆ ಇದನ್ನು ಯಾರೂ ಏಳನೇ ನಮೂನೆ ಎನ್ನುವುದಿಲ್ಲ, ‘ಡಿಕ್ಲರೇಷನ್’ ಎನ್ನುತ್ತಾರೆ. ‘ಡಿಕ್ಲರೇಷನ್ ಕೊಟ್ಟ ವರ್ಷ ಇವನು ಹುಟ್ಟಿದ್ದು’ ಎಂದು ಮಗನ ವಯಸ್ಸು ಹೇಳುವ ತಾಯಂದಿರನ್ನು ನಾನು ಕಂಡಿದ್ದೇನೆ.

ಉಡುಪಿ ಬೇರೆ ಜಿಲ್ಲೆಯಾದದ್ದು 1997ರಲ್ಲಿ. ಅದಕ್ಕೆ ಮೊದಲಿನ ದಕ್ಷಿಣ ಕನ್ನಡದಲ್ಲಿ ಮೂಲಗೇಣಿ (ಶಾಶ್ವತ ಗೇಣಿ), ಚಾಲಗೇಣಿ (ಧಣಿ ಬಿಡಿಸಬಹುದಾದ ಗೇಣಿ)ಗಳ ಬೇರು ಬಹಳ ಆಳಕ್ಕೆ ಇಳಿದಿತ್ತು. ಹಾಗಾಗಿಯೇ ಕಾಯ್ದೆಯ ಪೆಟ್ಟೂ ಫಲವೂ ಇಲ್ಲಿ ದೊಡ್ಡದು. ನಮ್ಮ ತರಗತಿಯಲ್ಲಿ ಕುಳಿತ ಮಕ್ಕಳಲ್ಲಿ ಅನೇಕರು ಗೇಣಿಗೆ ಸಾಗುವಳಿ ಮಾಡುತ್ತಿದ್ದ ಒಕ್ಕಲು ಮನೆಯ ಮೊಮ್ಮಕ್ಕಳು; ಆ ಗದ್ದೆ ಕೈಗೆ ಬಂದದ್ದರಿಂದಲೇ ಅವರ ಅಪ್ಪಂದಿರು ಹೈಸ್ಕೂಲು ಮುಗಿಸಿ ಮುಂಬೈಗೋ ಕೊಲ್ಲಿ ದೇಶಗಳಿಗೋ ಹೋಗುವಂತಾಯಿತು. ಐವತ್ತು ವರ್ಷ ತುಂಬಿದ ಆ ಹೊತ್ತಿನಲ್ಲಿ ಇದನ್ನು ಬಿಟ್ಟು ಬೇರೆ ಯಾವ ವಿಷಯವನ್ನು ಎತ್ತಿಕೊಳ್ಳುವುದು?

ನಾವು ಕೊಟ್ಟಿದ್ದ ಶೀರ್ಷಿಕೆ ‘ಭೂಸುಧಾರಣೆ: ಯಾರಿಗೆ ಸಿಕ್ಕಿತು, ಯಾರಿಗೆ ಸಿಗಲಿಲ್ಲ’. ಆಮಂತ್ರಣ ಅಚ್ಚಿಗೆ ಹೋಗುವ ಮುಂಚೆ ಕಾಲೇಜಿನ ಕಚೇರಿಗೆ ಒಂದು ದೂರವಾಣಿ ಕರೆ ಬಂದಿತು. ಕರೆ ಮಾಡಿದವರು ಬೆದರಿಸಲಿಲ್ಲ. ಈ ಕಾರ್ಯಕ್ರಮ ಯಾರ ವಿರುದ್ಧ ಎಂದು ಮಾತ್ರ ಕೇಳಿದರು. ಲೋಕಸಭಾ ಚುನಾವಣೆ ಯಾವಾಗ ಘೋಷಣೆಯಾಗುತ್ತದೋ ಎಂದು ಎಲ್ಲರೂ ಕಾಯುತ್ತಿದ್ದ ದಿನಗಳವು. ಆಡಳಿತದವರು ನನ್ನನ್ನು ಕರೆದು ಮೆತ್ತಗೆ ಎರಡು ಮಾತು ಹೇಳಿದರು. ಶೀರ್ಷಿಕೆಯನ್ನು ‘ಭೂಸುಧಾರಣೆಯ ಐವತ್ತು ವರ್ಷಗಳು’ ಎಂದು ಮಾಡಿ. ಸಭಿಕರ ಪ್ರಶ್ನೆಗಳನ್ನು ಬಾಯಿಯಲ್ಲಿ ಕೇಳುವುದು ಬೇಡ, ಚೀಟಿಯಲ್ಲಿ ಬರೆಸಿ ಸಂಚಾಲಕರು ನೋಡಿ ಆರಿಸಲಿ. ಎರಡಕ್ಕೂ ನಾನು ಒಪ್ಪಿದೆ. ಕಾರ್ಯಕ್ರಮವೇ ರದ್ದಾಗುವುದಕ್ಕಿಂತ ಇದು ವಾಸಿ ಎಂದು ನನ್ನನ್ನು ನಾನೇ ಸಮಾಧಾನ ಮಾಡಿಕೊಂಡೆ. ಪ್ರಶ್ನೆಯೊಂದು ಶೀರ್ಷಿಕೆಯಿಂದ ಬಿದ್ದುಹೋದರೆ ಸಭೆಯಿಂದಲೂ ಬೀಳುತ್ತದೆ ಎಂದು ಆಗ ಹೊಳೆಯಲಿಲ್ಲ.

ಆ ಮಧ್ಯಾಹ್ನ

ಆಮಂತ್ರಣದಲ್ಲಿ ಸಮಯ ಮಧ್ಯಾಹ್ನ ಮೂರು ಗಂಟೆ. ಸಭಾಂಗಣ ತುಂಬಿತ್ತು, ಏಕೆಂದರೆ ಮೂರು ತರಗತಿಗಳ ಹಾಜರಿಯನ್ನು ಅಲ್ಲಿಯೇ ತೆಗೆದುಕೊಳ್ಳುವುದೆಂದು ತೀರ್ಮಾನವಾಗಿತ್ತು. ಸಾರ್ವಜನಿಕರಿಗೆ ಹಿಂದಿನ ಎರಡು ಸಾಲು. ಪತ್ರಿಕೆಯಲ್ಲಿ ಸಣ್ಣ ಪ್ರಕಟಣೆ ನೋಡಿ ಬಂದವರು ಮೂವತ್ತರಷ್ಟು ಇದ್ದರು: ನಿವೃತ್ತ ಶಿಕ್ಷಕರು, ಇಬ್ಬರು ವಕೀಲರು, ದಲಿತ ಸಂಘಟನೆಯ ಕೆಲವು ಕಾರ್ಯಕರ್ತರು, ಬ್ಯಾಗು ಮಡಿಲಲ್ಲಿಟ್ಟುಕೊಂಡು ಕುಳಿತ ಒಂದಿಬ್ಬರು ಹೆಂಗಸರು.

ಅತಿಥಿಗಳು ಬಂದು ವೇದಿಕೆ ಏರುವಾಗ ಮೂರೂಕಾಲು. ಪ್ರಾರ್ಥನೆ, ದೀಪ, ಸ್ವಾಗತ, ಪ್ರಾಸ್ತಾವಿಕ ಮಾತು, ಅತಿಥಿ ಪರಿಚಯ, ಹೂವು, ಉದ್ಘಾಟನೆಯ ನುಡಿ. ನಮ್ಮ ಕರಾವಳಿಯ ಸಭೆಗಳಲ್ಲಿ ಇವು ತಪ್ಪುವುದಿಲ್ಲ, ಗೌರವ ತೋರಿಸುವ ಆ ಕ್ರಮದ ಬಗ್ಗೆ ನನಗೆ ತಕರಾರೂ ಇಲ್ಲ. ಆದರೆ ಉಪನ್ಯಾಸ ಶುರುವಾದಾಗ ಗಡಿಯಾರ ನಾಲ್ಕು ದಾಟಿತ್ತು. ಬೆಂಗಳೂರಿನಿಂದ ಬಂದಿದ್ದ ಭೂಕಾನೂನಿನ ಅಧ್ಯಯನಕಾರರು ಒಂದು ಗಂಟೆಗೂ ಮೇಲೆ ಮಾತಾಡಿದರು. ಸಹಾಯಕ ಕಮಿಷನರರ ಅಧ್ಯಕ್ಷತೆಯ ಮಂಡಳಿಗಳ ರಚನೆ, ಪಹಣಿಯ 9ನೇ ಕಾಲಮ್ಮಿನಲ್ಲಿ ಧಣಿಯ ಹೆಸರು, 12ನೇ ಕಾಲಮ್ಮಿನಲ್ಲಿ ಸಾಗುವಳಿದಾರನ ಹೆಸರು ಇದ್ದದ್ದು ಎಷ್ಟು ಜನರ ಬದುಕನ್ನು ನಿರ್ಧರಿಸಿತು ಎಂಬುದು, 2020ರ ತಿದ್ದುಪಡಿಯಲ್ಲಿ 79ಎ ಮತ್ತು 79ಬಿ ಕಲಮುಗಳನ್ನು ತೆಗೆದುಹಾಕಿ ಕೃಷಿಕರಲ್ಲದವರಿಗೂ ಕೃಷಿಭೂಮಿ ಕೊಳ್ಳಲು ದಾರಿ ಮಾಡಿದ್ದು, ಎಲ್ಲವೂ ಬಂದವು. ಒಳ್ಳೆಯ ಉಪನ್ಯಾಸ. ಅದರಲ್ಲಿ ಕುಂದು ಹೇಳುವುದಕ್ಕೆ ನನ್ನಲ್ಲಿ ಏನೂ ಇಲ್ಲ.

ಅಧ್ಯಕ್ಷೀಯ ಭಾಷಣ ಇಪ್ಪತ್ತು ನಿಮಿಷ ಹಿಡಿಯಿತು. ಆ ಹೊತ್ತಿನಲ್ಲಿ ನಾನು ವೇದಿಕೆಯ ಬದಿಯ ಮೇಜಿನಲ್ಲಿ ಕುಳಿತು ಚೀಟಿಗಳನ್ನು ವಿಂಗಡಿಸುತ್ತಿದ್ದೆ. ಸ್ವಯಂಸೇವಕರು ತಂದುಕೊಟ್ಟದ್ದು ಇಪ್ಪತ್ತಮೂರು. ನನಗೆ ಉಳಿದದ್ದು ಹನ್ನೆರಡು ನಿಮಿಷ ಎಂದು ಕೈಸನ್ನೆ ಬಂತು. ಐದನ್ನು ಆರಿಸಿದೆ. ಒಂದು, ಹೆಣ್ಣಿನ ಕಡೆಯಿಂದ ಆಸ್ತಿ ಇಳಿದುಬರುವ ಅಳಿಯಸಂತಾನ ಕುಟುಂಬದ್ದು: ಡಿಕ್ಲರೇಷನ್ ಒಬ್ಬರ ಹೆಸರಿನಲ್ಲಿ ಆದರೆ ಹಕ್ಕು ಇಡೀ ಕುಟುಂಬದ್ದೇ? ಇನ್ನೊಂದು ನಗರದ ಮೂಲಗೇಣಿ ಜಾಗಗಳಿಗಾಗಿ 2011ರಲ್ಲಿ ಮಾಡಿದ ಕಾಯ್ದೆಯ ಕುರಿತು. ಮಿಕ್ಕ ಮೂರು ವಿದ್ಯಾರ್ಥಿಗಳ ಪ್ರಶ್ನೆಗಳು, ಪರೀಕ್ಷೆಗೆ ಹತ್ತಿರವಾದವು. ಹರಿದ ಹಾಳೆಯ ಆ ಚೀಟಿಯನ್ನು ಓದಿದೆ. ಒಂದು ಮನೆಯ ವಿಚಾರ, ಎಲ್ಲರಿಗೂ ಅನ್ವಯಿಸುವುದಿಲ್ಲ ಎಂದುಕೊಂಡೆ. ಮೂಲೆಯಲ್ಲಿ ‘ವೈ’ ಬರೆದು ಬದಿಗಿಟ್ಟೆ. ಅಳಿಯಸಂತಾನದ ಪ್ರಶ್ನೆಯೂ ಒಂದು ಮನೆಯದೇ ಆಗಿತ್ತಲ್ಲ ಎಂಬುದು ಹೊಳೆದದ್ದು ಬಹಳ ದಿನ ಕಳೆದ ಮೇಲೆ. ಅದನ್ನು ಕಾನೂನಿನ ಭಾಷೆಯಲ್ಲಿ ಬರೆದಿದ್ದರು. ಇದನ್ನು ಅಜ್ಜಿಯ ಭಾಷೆಯಲ್ಲಿ ಬರೆದಿದ್ದರು.

ಆರು ಗಂಟೆಗೆ ವಂದನಾರ್ಪಣೆ, ರಾಷ್ಟ್ರಗೀತೆ. ಗಲಾಟೆ ಆಗಲಿಲ್ಲ, ಯಾರೂ ಘೋಷಣೆ ಕೂಗಲಿಲ್ಲ. ಕಾಲೇಜುಗಳ ಮೌಲ್ಯಮಾಪನ ಮಾಡುವ ನ್ಯಾಕ್ ಸಂಸ್ಥೆಯ ಕಡತಕ್ಕೆ ಹೋಗುವ ವರದಿಯಲ್ಲಿ ‘ಉಪನ್ಯಾಸದ ಬಳಿಕ ಅರ್ಥಪೂರ್ಣ ಸಂವಾದ ನಡೆಯಿತು’ ಎಂದು ನಾನೇ ಬರೆದೆ, ಎರಡು ಛಾಯಾಚಿತ್ರಗಳನ್ನೂ ಲಗತ್ತಿಸಿದೆ.

ಮರುದಿನ

ಮರುದಿನ ಎರಡನೆಯ ವರ್ಷದ ಬಿ.ಎ. ವಿದ್ಯಾರ್ಥಿನಿಯೊಬ್ಬಳು ಸಿಬ್ಬಂದಿ ಕೊಠಡಿಯ ಬಾಗಿಲಲ್ಲಿ ನಿಂತಿದ್ದಳು. ತರಗತಿಯಲ್ಲಿ ಅಷ್ಟಾಗಿ ಬಾಯಿ ಬಿಡದ ಹುಡುಗಿ. “ಮೇಡಂ, ನಮ್ಮ ಚೀಟಿ ನಿಮಗೆ ಸಿಗಲಿಲ್ಲವೇ?” ಎಂದು ಕೇಳಿದಳು. ಸಿಗಲಿಲ್ಲ ಎಂದು ಹೇಳಿಬಿಡುವುದು ಸುಲಭವಿತ್ತು. ಸಿಕ್ಕಿತ್ತು, ನಾನು ಓದಲಿಲ್ಲ ಎಂದೆ.

ಅವಳು ಅಜ್ಜಿಯನ್ನು ಕರೆತಂದಿದ್ದಳು. ಎಪ್ಪತ್ತು ದಾಟಿದವರು, ಅಕ್ಷರ ಕಲಿತವರಲ್ಲ. ಊರು ಬಜಪೆಯಿಂದ ಇನ್ನೂ ಒಳಗೆ. ಬೆಳಗಿನ ಕೆಲಸ ಬಿಟ್ಟು, ಎರಡು ಬಸ್ ಬದಲಿಸಿ, ಸ್ಟೇಟ್‌ಬ್ಯಾಂಕ್ ನಿಲ್ದಾಣದಲ್ಲಿ ಇಳಿದು ನಡೆದು ಬಂದಿದ್ದರು. ‘ಡಿಕ್ಲರೇಷನ್ ಬಗ್ಗೆ ಬೆಂಗಳೂರಿನವರು ಮಾತಾಡುತ್ತಾರಂತೆ’ ಎಂದು ಮೊಮ್ಮಗಳು ಹೇಳಿದ್ದೇ ಸಾಕಾಗಿತ್ತು. ಚೀಟಿ ಎಂದಾಗ ಮೊಮ್ಮಗಳಿಂದ ಬರೆಸಿದರು. ಆರೂಕಾಲಕ್ಕೆ ಅವರ ಊರಿನ ಕಡೆಗೆ ಬಸ್ಸಿತ್ತು. ಅದು ತಪ್ಪಿದರೆ ಮುಖ್ಯ ರಸ್ತೆಯಲ್ಲಿ ಇಳಿದು ಕತ್ತಲಲ್ಲಿ ಮೂರು ಕಿಲೋಮೀಟರ್ ನಡೆಯಬೇಕು. ಐದು ಪ್ರಶ್ನೆ ಮುಗಿಯುವ ತನಕ ಕಾದು, ತಮ್ಮದು ಬರಲಿಲ್ಲವೆಂದು ತಿಳಿದ ಮೇಲೆ ಎದ್ದರು. ಬಸ್ ತಪ್ಪಿತು.

“ಅಜ್ಜಿ ಏನೆಂದರು?” ಎಂದೆ. “ಏನೂ ಹೇಳಲಿಲ್ಲ ಮೇಡಂ. ‘ಅವರಿಗೂ ಗೊತ್ತಿಲ್ಲ ಕಾಣುತ್ತದೆ’ ಎಂದರು ಅಷ್ಟೆ.” ಆ ಮಾತು ನನ್ನನ್ನು ಇಂದಿಗೂ ಬಿಟ್ಟಿಲ್ಲ. ಪ್ರಶ್ನೆಯನ್ನು ತಡೆದವರಿದ್ದಾರೆಂದು ಅವರಿಗೆ ಅನುಮಾನವೇ ಬರಲಿಲ್ಲ. ವಿದ್ಯಾವಂತರಿಗೆ ಉತ್ತರ ತಿಳಿದಿಲ್ಲ ಎಂದು ತಿಳಿದು ಹೋದರು.

ಹೆದರಿಕೆಯ ಲೆಕ್ಕ

ಎಲ್ಲಿ ತಪ್ಪಿತು ಎಂದು ಹಿಂದಿರುಗಿ ನೋಡುವಾಗ ಮೊದಲು ಕಣ್ಣಿಗೆ ಬೀಳುವುದು ಆ ದೂರವಾಣಿ ಕರೆ. ನಾವು ಅದಕ್ಕೆ ಹೆದರಿದೆವು. ಹೆದರಬೇಕಾಗಿರಲಿಲ್ಲ. ಸಂವಿಧಾನದ 19(1)(ಎ) ವಿಧಿ ಮಾತಿನ ಸ್ವಾತಂತ್ರ್ಯ ಕೊಡುತ್ತದೆ. ಅದಕ್ಕೆ ಮಿತಿ ಹಾಕಬಹುದಾದ ಕಾರಣಗಳನ್ನು 19(2) ಹೆಸರಿಸಿದೆ, ಯಾರಿಗೋ ಹಿಡಿಸದು ಎಂಬುದು ಆ ಪಟ್ಟಿಯಲ್ಲಿಲ್ಲ. 1989ರಲ್ಲಿ ರಂಗರಾಜನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇನ್ನೂ ಬಿಡಿಸಿ ಹೇಳಿತು: ಪ್ರತಿಭಟನೆಯ, ಮೆರವಣಿಗೆಯ ಬೆದರಿಕೆ ಇದೆ ಎಂಬ ಕಾರಣಕ್ಕೆ ಅಭಿವ್ಯಕ್ತಿಯನ್ನು ಅದುಮುವಂತಿಲ್ಲ, ಎದುರಾಳಿ ಗುಂಪನ್ನು ನಿಭಾಯಿಸಲು ತನ್ನಿಂದಾಗದು ಎಂದು ಸರ್ಕಾರ ಕೈಚೆಲ್ಲುವಂತಿಲ್ಲ. ಇದನ್ನು ನಾನು ಪ್ರತಿ ವರ್ಷ ಪಾಠ ಮಾಡುತ್ತೇನೆ. ಪಾಠ ಮಾಡುವವಳೇ ಒಂದು ಕರೆಗೆ ಶೀರ್ಷಿಕೆ ಬದಲಿಸಿದೆ.

ಆದರೂ ಎಲ್ಲವನ್ನೂ ಹೆದರಿಕೆಯ ತಲೆಗೆ ಕಟ್ಟುವುದು ಪ್ರಾಮಾಣಿಕವಾಗದು. ನ್ಯಾಯಾಲಯದ ಆ ತೀರ್ಪು ಕಾಪಾಡುವುದು ಮಾತಾಡುವವರನ್ನು. ನಮ್ಮ ಉಪನ್ಯಾಸಕರು ನಿರ್ಭಯವಾಗಿಯೇ ಮಾತಾಡಿದರು, ಅವರನ್ನು ಯಾರೂ ತಡೆಯಲಿಲ್ಲ. ಕೇಳಲು ಬಂದವರ ಬಾಯಿ ಮುಚ್ಚಿಸಿದ್ದು ಬೇರೆಯದು: ವೇದಿಕೆಗೆ ಕೊಟ್ಟ ಎರಡು ಗಂಟೆಗೂ ಹೆಚ್ಚಿನ ಹೊತ್ತು, ಬರೆಯಬಲ್ಲವರಿಗೆ ಮಾತ್ರ ತೆರೆದ ಚೀಟಿ, ಬಸ್ಸಿನ ವೇಳೆ ನೋಡದೆ ಇಟ್ಟ ಸಮಯ, ‘ವೈಯಕ್ತಿಕ’ ಎಂಬ ನನ್ನ ಪೆನ್ಸಿಲ್. ಕರೆ ಬರದಿದ್ದರೂ ಇವುಗಳಲ್ಲಿ ಮುಕ್ಕಾಲು ಪಾಲು ಹಾಗೆಯೇ ಇರುತ್ತಿತ್ತು.

ನಮ್ಮದು ವಾದವನ್ನು ಪ್ರೀತಿಸುವ ನಾಡು. ಕುಳಿತು ಮಾತಿನಲ್ಲೇ ನಡೆಸುವ ಯಕ್ಷಗಾನವಾದ ತಾಳಮದ್ದಳೆಯಲ್ಲಿ ಎದುರಿನ ಅರ್ಥಧಾರಿ ಒಂದು ಪ್ರಶ್ನೆ ಎಸೆದರೆ ಅದಕ್ಕೆ ಉತ್ತರ ಕೊಡದೆ ಜಾರಿಕೊಂಡವನನ್ನು ಸಭಿಕರು ಬಿಡುವುದಿಲ್ಲ. ದಾರಿಯುದ್ದಕ್ಕೂ ಅದನ್ನೇ ಆಡಿಕೊಳ್ಳುತ್ತಾರೆ. ಕೃಷ್ಣನನ್ನು ಕೌರವ ಪ್ರಶ್ನಿಸುವುದನ್ನು ರಾತ್ರಿಯಿಡೀ ಕುಳಿತು ಕೇಳುವ ಜನ ನಾವು. ಅದೇ ಜನ ಕಾಲೇಜಿನ ಸಭಾಂಗಣಕ್ಕೆ ಬಂದರೆ ಹಿಂದಿನ ಎರಡು ಸಾಲಿನಲ್ಲಿ ಮೌನವಾಗಿ ಕೂರುತ್ತಾರೆ. ಹಿಂದಿನ ವರ್ಷ ಪಶ್ಚಿಮ ಏಷ್ಯಾದ ಕುರಿತ ಉಪನ್ಯಾಸದಲ್ಲೂ ಹೀಗೆಯೇ ಆಗಿತ್ತು. 1990ರಲ್ಲಿ ಇರಾಕ್ ಸೇನೆ ಕುವೈತ್‌ಗೆ ನುಗ್ಗಿದಾಗ ಅಮ್ಮಾನ್ ದಾರಿಯಾಗಿ ಜೀವ ಕೈಯಲ್ಲಿ ಹಿಡಿದು ಬಂದವರು ಈ ಊರಿನಲ್ಲಿ ಇದ್ದಾರೆ, ಅಂಥವರೊಬ್ಬರು ಆ ದಿನ ಸಭೆಯಲ್ಲೂ ಇದ್ದರೆಂದು ಆಮೇಲೆ ತಿಳಿಯಿತು. ಯುದ್ಧವನ್ನು ಕಂಡ ಏಕೈಕ ವ್ಯಕ್ತಿ ಅಲ್ಲಿ ಒಂದು ಮಾತನ್ನೂ ಆಡದೆ ಚಹಾ ಕುಡಿದು ಹೋದರು.

ಎರಡನೆಯ ಕೂಟ

ಮಾರ್ಚ್ 16ರಂದು ಚುನಾವಣೆ ಘೋಷಣೆಯಾಗಿ ನೀತಿಸಂಹಿತೆ ಬಂತು. ಏಪ್ರಿಲ್ 26ಕ್ಕೆ ನಮ್ಮಲ್ಲಿ ಮತದಾನ, ಜೂನ್ 4ಕ್ಕೆ ಫಲಿತಾಂಶ, ಆಮೇಲೆ ಪರೀಕ್ಷೆ, ಪ್ರವೇಶ. ಎರಡನೆಯ ಕೂಟ ಕೂಡಿಬಂದದ್ದು ಆಟಿಯ ಒಂದು ಶನಿವಾರ. ಹಾಗೆ ತಡವಾದದ್ದು ಒಳ್ಳೆಯದೇ ಆಯಿತು. ಹಿಂದೆ ಆಟಿಯೆಂದರೆ ಗದ್ದೆಯ ಕೆಲಸವೂ ಇಲ್ಲದ, ಮನೆಯಲ್ಲಿ ಅಕ್ಕಿಯೂ ಇಲ್ಲದ ತಿಂಗಳು. ಅಂದು ಮಾತಿನ ನಡುವೆ ಆ ಹಸಿವಿನ ನೆನಪೂ ಬಂತು.

ಆಡಳಿತದವರ ಒಪ್ಪಿಗೆ ಪಡೆಯಲು ನಾನು ನಡೆದದ್ದನ್ನೆಲ್ಲ ಬರೆದು ಕೊಟ್ಟೆ, ಚೀಟಿಯ ನಕಲನ್ನೂ ಸೇರಿಸಿದೆ. ಅವರು ಓದಿ, ಈ ಸಲ ಹೇಗೆ ನಡೆಸಬೇಕೋ ಹಾಗೆ ನಡೆಸಿ ಎಂದರು. ಅದಕ್ಕಾಗಿ ನಾನು ಅವರಿಗೆ ಋಣಿ. ಸಭಾಂಗಣ ಬಿಟ್ಟು ಗ್ರಂಥಾಲಯದ ಹಳೆಯ ಓದುಕೋಣೆಯನ್ನು ಆರಿಸಿದೆವು. ಹೆಂಚಿನ ಮಾಡು, ಮಳೆ ಜೋರಾದರೆ ಮಾತು ಕೇಳಿಸದು. ಮೂರು ಬಾರಿ ನಿಲ್ಲಿಸಿ ಕಾಯಬೇಕಾಯಿತು. ಬೆಳಿಗ್ಗೆ ಹತ್ತೂವರೆಗೆ ಆರಂಭ, ಒಂದು ಗಂಟೆಗೆ ಊಟ. ಕುರ್ಚಿಗಳನ್ನು ಸುತ್ತಲೂ ಇಟ್ಟೆವು, ವೇದಿಕೆ ಇರಲಿಲ್ಲ. ಹಾಜರಿ ಇಲ್ಲ ಎಂದ ಕಾರಣ ಬಂದ ವಿದ್ಯಾರ್ಥಿಗಳು ಹದಿನೆಂಟು ಮಂದಿ ಮಾತ್ರ. ಅದೇ ಅಧ್ಯಯನಕಾರರು ರಾತ್ರಿ ಬಸ್ಸಿನಲ್ಲಿ ಸ್ವಂತ ಖರ್ಚಿನಿಂದ ಬಂದರು. ಇಪ್ಪತ್ತು ನಿಮಿಷ ಮಾತ್ರ ಮಾತಾಡುವುದಾಗಿ ತಾವೇ ಹೇಳಿದರು. ಯಾವ ಭಾಷೆಯಲ್ಲಾದರೂ ಕೇಳಬಹುದು, ತುಳುವಿನಿಂದ ಕನ್ನಡಕ್ಕೆ ವಿದ್ಯಾರ್ಥಿಗಳು ಹೇಳುತ್ತಾರೆ ಎಂದು ಮೊದಲೇ ಸಾರಿದ್ದೆವು. ಮೊದಲ ಪ್ರಶ್ನೆ ಕಾಲೇಜಿನ ಹೊರಗಿನವರದು ಎಂಬುದೂ ನಿಯಮವಾಗಿತ್ತು.

ಅಜ್ಜಿ ಎದ್ದು ನಿಲ್ಲಲಿಲ್ಲ. ಕುಳಿತಲ್ಲಿಂದಲೇ, ಮೊಮ್ಮಗಳ ಮೊಣಕಾಲ ಮೇಲೆ ಕೈಯಿಟ್ಟುಕೊಂಡು ಕೇಳಿದರು: “ಎನ್ನ ಅಪ್ಪೆಗ್ ದಾಯೆಗ್ ಜಾಗೆ ತಿಕ್ಕಿಜಿ?” ನನ್ನ ಅಮ್ಮನಿಗೆ ಯಾಕೆ ಜಾಗ ಸಿಗಲಿಲ್ಲ? ಬಳಿಕ ವಿವರಿಸಿದರು. ತಂದೆ ತಾಯಿ ಇಬ್ಬರೂ ಒಂದು ಒಕ್ಕಲು ಮನೆಯಲ್ಲಿ ಆಳುಗಳು. ಏಣೆಲು, ಸುಗ್ಗಿ, ನೀರಿದ್ದ ಕಡೆ ಕೊಳಕೆ, ಮೂರೂ ಬೆಳೆಗೆ ಉಳುಮೆ ಅಪ್ಪನದು, ನೇಜಿ ಅಮ್ಮನದು. ಕೂಲಿ ಎಂದರೆ ಸೇರಿನಲ್ಲಿ ಅಳೆದು ಕೊಡುವ ಅಕ್ಕಿ. ಬಿಡಾರ ಅದೇ ಜಾಗದ ಮೂಲೆಯಲ್ಲಿ. ಧಣಿಗಳಿಂದ ಭೂಮಿ ಒಕ್ಕಲಿಗೆ ಹೋಯಿತು, ಪೇಟೆಯಲ್ಲಿ ಪಟಾಕಿ ಹೊಡೆದರು. “ಉಳುವವನಿಗೆ ಭೂಮಿ ಎಂದು ಜೀಪಿನಲ್ಲಿ ಮೈಕ್ ಹಾಕಿ ಕೂಗಿಕೊಂಡು ಹೋದರು. ಅಪ್ಪ ಗದ್ದೆಯಲ್ಲಿ ಉಳುತ್ತಾ ಕೇಳಿಸಿಕೊಂಡರು. ನನಗೆ ನೆನಪಿದೆ, ಕೋಣಗಳನ್ನು ನಿಲ್ಲಿಸಿದರು.”

ಮಳೆಯ ಸದ್ದು ಬಿಟ್ಟರೆ ಓದುಕೋಣೆಯಲ್ಲಿ ಬೇರೆ ಸದ್ದಿರಲಿಲ್ಲ.

ಅತಿಥಿಗಳು ಚೀಲದಿಂದ ಕಾಯ್ದೆಯ ಪುಸ್ತಕ ತೆಗೆದು ‘ಸ್ವಂತ ಸಾಗುವಳಿ’ಯ ಅರ್ಥವಿವರಣೆಯನ್ನು ಓದಿ, ಒಂದೊಂದೇ ತುಂಡಾಗಿ ಬಿಡಿಸಿದರು. ತನ್ನ ದುಡಿಮೆಯಿಂದ ಮಾಡುವುದು ಸಾಗುವಳಿ. ಮನೆಯವರ ದುಡಿಮೆಯಿಂದ ಮಾಡುವುದೂ ಸಾಗುವಳಿ. ಹಣದ ರೂಪದಲ್ಲೋ ವಸ್ತುವಿನ ರೂಪದಲ್ಲೋ ಕೂಲಿ ಕೊಟ್ಟು, ತನ್ನ ಮೇಲ್ವಿಚಾರಣೆಯಲ್ಲಿ ಆಳುಗಳಿಂದ ಮಾಡಿಸುವುದೂ ಸಾಗುವಳಿಯೇ. ಆ ಕೂಲಿ ಬೆಳೆಯ ಪಾಲಿನ ರೂಪದಲ್ಲಿ ಇರಬಾರದು, ಅಷ್ಟೆ. “ನಿಮ್ಮ ತಂದೆ ಉತ್ತದ್ದು ಕಾನೂನಿನ ಕಣ್ಣಿನಲ್ಲಿ ಒಕ್ಕಲಿನವರು ಉತ್ತದ್ದೆಂದು ಲೆಕ್ಕವಾಯಿತು, ಅಮ್ಮ” ಎಂದರು.

ಮೊಮ್ಮಗಳು ತುಳುವಿನಲ್ಲಿ ಹೇಳಿ ಮುಗಿಸಿದ ಮೇಲೆ ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಕೇಳಿದರು: “ಹಾಗಾದರೆ ಸೇರಿನಲ್ಲಿ ಅಳೆದ ಅಕ್ಕಿಯ ಬದಲು ಬೆಳೆದದ್ದರಲ್ಲಿ ಒಂದು ಮುಡಿ ಪಾಲು ಎಂದು ಕೊಟ್ಟಿದ್ದರೆ, ಜಾಗ ನಮಗೆ ಸಿಗುತ್ತಿತ್ತೇ?”

ಈ ಪ್ರಶ್ನೆಗೆ ಅತಿಥಿಗಳು ಕೂಡಲೇ ಉತ್ತರ ಕೊಡಲಿಲ್ಲ. ಕನ್ನಡಕ ತೆಗೆದು ಒರೆಸಿಕೊಂಡರು. ಸಿಗುತ್ತಿತ್ತು ಎನ್ನಲಾರೆ, ಆದರೆ ಗೇಣಿದಾರರೆಂದು ವಾದಿಸಲು ಒಂದು ದಾರಿ ತೆರೆದಿರುತ್ತಿತ್ತು ಎಂದರು. ಇಷ್ಟು ವರ್ಷ ಈ ಕಲಮನ್ನು ಓದಿಸಿದ್ದೇನೆ, ಕೂಲಿ ಅಳೆಯುವ ಸೇರಿನ ಕಡೆಯಿಂದ ಇದನ್ನು ನೋಡಿದ್ದು ಇವತ್ತೇ ಎಂದೂ ಹೇಳಿದರು. ವಿಶ್ವವಿದ್ಯಾಲಯದ ಮಾತು ಊರಿನ ಮಾತನ್ನು ಕೂಡುವುದು ಎಂದರೆ ನನಗೆ ಆ ಕ್ಷಣ. ಅಕ್ಷರ ತಿಳಿಯದ ಒಬ್ಬರು ಕಾಯ್ದೆಯ ಬಿರುಕಿನ ಮೇಲೆ ನೇರವಾಗಿ ಬೆರಳಿಟ್ಟಿದ್ದರು. ಮಾರ್ಚಿನಲ್ಲಿ ನಾನು ‘ವೈ’ ಎಂದು ಬರೆದದ್ದು ಇದರ ಮೇಲೆ.

ಅಲ್ಲಿಂದ ಮಾತು ಸುಗಮವಾಗಿ ಸಾಗಿತು ಎಂದರೆ ಸುಳ್ಳಾಗುತ್ತದೆ. ಮೂಲೆಯಲ್ಲಿ ಕುಳಿತಿದ್ದ ನಿವೃತ್ತ ಬ್ಯಾಂಕ್ ನೌಕರರೊಬ್ಬರು ಎದ್ದು, ಧ್ವನಿ ನಡುಗುತ್ತಾ, ತಮ್ಮ ಅಜ್ಜಿ ವಿಧವೆ, ಇದ್ದ ಒಂದೂವರೆ ಎಕರೆಯನ್ನು ಉಳುವ ಗಂಡಸರಿಲ್ಲದೆ ಗೇಣಿಗೆ ಕೊಟ್ಟಿದ್ದರು, ಎಲ್ಲ ಹೋಯಿತು, ಧಣಿಗಳು ಎಂದು ನಮ್ಮನ್ನು ಬಯ್ಯುವುದು ಯಾವ ನ್ಯಾಯ ಎಂದು ಕೇಳಿದರು. ಸಂಘಟನೆಯ ಯುವಕನೊಬ್ಬ ತಿರುಗಿ ಮಾತಾಡಿದ. ಒಂದೆರಡು ನಿಮಿಷ ನನ್ನ ಎದೆ ಹೊಡೆದುಕೊಂಡಿತು. ಚೀಟಿಯೇ ಒಳ್ಳೆಯದಿತ್ತೇ ಎಂದು ಅನಿಸಿದ್ದನ್ನೂ ಮುಚ್ಚಿಡುವುದಿಲ್ಲ. ಅತಿಥಿಗಳು ಮಧ್ಯೆ ಬಂದು, ಸೈನಿಕರ ಮತ್ತು ನಾವಿಕರ ಗೇಣಿಭೂಮಿಗೆ ಕಾಯ್ದೆ ವಿನಾಯಿತಿ ಕೊಟ್ಟಿತು, ವಿಧವೆಯರಿಗೆ ಕೊಡಲಿಲ್ಲ, ಅವರ ನೋವು ನಿಜ ಎಂದರು. ಆದರೆ ಬಿಸಿ ತಗ್ಗಿದ್ದು ಅದರಿಂದಲ್ಲ. ಅಜ್ಜಿ ಆ ಬ್ಯಾಂಕ್ ನೌಕರರ ಕಡೆ ತಿರುಗಿ, ನಿಮ್ಮದು ತಗ್ಗಿನ ಬೈಲು ಗದ್ದೆಯೋ ಸ್ವಲ್ಪ ಎತ್ತರದ ಮಜಲೋ ಎಂದು ಕೇಳಿದರು. ಅವರು ಮಜಲು ಎಂದರು. “ಮಜಲಾದರೆ ಎರಡೇ ಬೆಳೆ. ಒಂದೂವರೆ ಎಕರೆಯ ಗೇಣಿಯಲ್ಲಿ ಅವರು ಹೇಗೆ ಬದುಕುತ್ತಿದ್ದರು?” ಎಂದರು ಅಜ್ಜಿ. ಆ ಹಿರಿಯರು ಕುಳಿತರು. ಊಟದ ಹೊತ್ತಿಗೆ ಇಬ್ಬರೂ ಪಕ್ಕಪಕ್ಕದಲ್ಲಿ ಕುಳಿತು ಗದ್ದೆಗಳ ಹೆಸರು ಹೇಳಿಕೊಳ್ಳುತ್ತಿದ್ದರು. ರಾಜಿಯಾಯಿತು ಎಂದು ನಾನು ಹೇಳುತ್ತಿಲ್ಲ. ಅವರು ಕಾಯ್ದೆಯನ್ನು ಒಪ್ಪಿಲ್ಲ, ಇವರಿಗೆ ಜಾಗ ಬಂದಿಲ್ಲ.

ಮಿಕ್ಕ ಹೊತ್ತು ಹೋದದ್ದು ಡಿ.ಸಿ. ಮನ್ನಾ ಜಮೀನಿನ ಮಾತಿಗೆ. ಬ್ರಿಟಿಷರ ಕಾಲದಲ್ಲಿ ‘ಡಿಪ್ರೆಸ್ಡ್ ಕ್ಲಾಸ್’ ಎಂದು ಕರೆಯುತ್ತಿದ್ದವರಿಗೆಂದು ಕಾದಿರಿಸಿದ್ದು ಆ ಜಾಗ. ಅದನ್ನು ಹಂಚಿ ಎಂಬ ಬೇಡಿಕೆ ದಲಿತರ ಕುಂದುಕೊರತೆ ಸಭೆಗಳಲ್ಲಿ ಇಂದಿಗೂ ಏಳುತ್ತದೆ. ಕೊರಗ ಸಮುದಾಯದ ಯುವತಿಯೊಬ್ಬಳು ಕೊರಗರ ಸ್ಥಿತಿಗತಿಯ ಕುರಿತ ಮಹಮ್ಮದ್ ಪೀರ್ ವರದಿಯನ್ನು ನೆನಪಿಸಿದಳು: ಕುಟುಂಬವೊಂದಕ್ಕೆ 2.5 ಎಕರೆ ಕೊಡಬೇಕೆಂಬುದು ಅದರ ಶಿಫಾರಸು, ಭೂಮಿಯ ಬೇಡಿಕೆಯನ್ನು ನೆನಪಿಸಲೆಂದೇ ಪ್ರತಿ ಆಗಸ್ಟ್ 18ರಂದು ತಮ್ಮವರು ಭೂಮಿ ಹಬ್ಬ ಆಚರಿಸುತ್ತಾರೆ ಎಂದಳು. ನಮ್ಮ ಪುರಭವನಕ್ಕೆ ಕುದ್ಮುಲ್ ರಂಗರಾಯರ ಹೆಸರಿದೆ. 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿ, ಊರಿನವರ ಬಹಿಷ್ಕಾರ ಸಹಿಸಿ ದಲಿತ ಮಕ್ಕಳಿಗೆ ಶಾಲೆ ತೆರೆದವರು ಅವರು. ಆ ಹೆಸರನ್ನು ದಿನವೂ ಓದುತ್ತಾ ಬಸ್ಸಿನಲ್ಲಿ ಹೋಗುವ ನನ್ನ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಡಿ.ಸಿ. ಮನ್ನಾ ಎಂಬ ಮಾತನ್ನು ಕೇಳಿದ್ದು ಅಂದೇ ಮೊದಲು.

ಈಗ ಎಲ್ಲಿದೆ

ಕೂಟಕ್ಕೆ ಬಂದಿದ್ದ ವಕೀಲರೊಬ್ಬರು ಅಜ್ಜಿಯ ಮನೆಯ ವಿಚಾರವನ್ನು ಕೈಗೆತ್ತಿಕೊಂಡರು. ಕೃಷಿಕೂಲಿಯವರಿಗೆ ತಾವು ವಾಸವಿರುವ ಮನೆಯ ಜಾಗದ ಹಕ್ಕು ಕೊಡುವ 38ನೇ ಕಲಮು ಅದೇ ಕಾಯ್ದೆಯಲ್ಲಿತ್ತು. ಅದನ್ನು ಅಜ್ಜಿಯ ತಂದೆಗೆ ಹೇಳಿದವರು ಯಾರೂ ಇರಲಿಲ್ಲ. ಮನೆ ಈಗ ಸರ್ಕಾರಿ ಜಾಗದಲ್ಲಿ ಬೀಳುತ್ತದೆಂದಾದರೆ ಭೂಕಂದಾಯ ಕಾಯ್ದೆಯ 94ಸಿ ಅಡಿಯಲ್ಲಿ ಪ್ರಯತ್ನಿಸಬಹುದು, ಖಾಸಗಿಯವರ ಪಟ್ಟಾದೊಳಗೆ ಬೀಳುತ್ತದೆಂದಾದರೆ ದಾರಿ ಬೇರೆ. ಅಳತೆಯಾಗದೆ ಅದು ತಿಳಿಯುವುದಿಲ್ಲ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ನೆರವು ಪಡೆಯಲು ಮಹಿಳೆಯರಿಗೆ ಮತ್ತು ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯದ ಮಿತಿ ಇಲ್ಲ. ಇದನ್ನು ತಿಳಿದ ಮೊಮ್ಮಗಳು ತಾನೇ ಹೋಗಿ ಅರ್ಜಿ ತಂದಳು.

ಕಾಲೇಜಿನಲ್ಲಿ ಕೆಲವು ಸಂಗತಿಗಳು ಬದಲಾದವು, ಎಲ್ಲವೂ ಅಲ್ಲ. ಸಭಾಂಗಣದ ಕಾರ್ಯಕ್ರಮಗಳಲ್ಲಿ ಔಪಚಾರಿಕ ಭಾಗ ಈಗ ಹದಿನೈದು ನಿಮಿಷಕ್ಕೆ ನಿಲ್ಲುತ್ತದೆ, ಅಧ್ಯಕ್ಷೀಯ ಮಾತು ಪ್ರಶ್ನೆಗಳು ಮುಗಿದ ಮೇಲೆ ಬರುತ್ತದೆ. ತಂತಿಯಿಲ್ಲದ ಮೈಕ್ ಕೊಂಡಿದ್ದೇವೆ. ಅದು ಮೊದಲು ಹಿಂದಿನ ಸಾಲಿಗೆ ಹೋಗುತ್ತದೆ. ಚೀಟಿ ಉಳಿದಿದೆ, ನಾಚುವವರಿಗೆ ಅದು ಬೇಕೇ ಬೇಕು. ಆದರೆ ಉಳಿದ ಚೀಟಿಗಳನ್ನು ಎಸೆಯುವುದಿಲ್ಲ. ಎಲ್ಲವನ್ನೂ ವರದಿಗೆ ಸೇರಿಸಿ, ಉತ್ತರಗಳನ್ನು ಒಂದು ತಿಂಗಳೊಳಗೆ ಸೂಚನಾ ಫಲಕದಲ್ಲಿ ಹಾಕುತ್ತೇವೆ. ಮಧ್ಯಾಹ್ನದ ಹೊತ್ತನ್ನು ಬದಲಿಸಲು ಆಗಿಲ್ಲ, ತರಗತಿಗಳ ವೇಳಾಪಟ್ಟಿ ಅಡ್ಡ ಬರುತ್ತದೆ. ಹಾಜರಿಯ ವಿಚಾರದಲ್ಲೂ ಸೋತಿದ್ದೇನೆ: ಹಾಜರಿ ಇಲ್ಲವೆಂದರೆ ಸಭಾಂಗಣ ತುಂಬುವುದಿಲ್ಲ, ತುಂಬದಿದ್ದರೆ ಮುಂದಿನ ಬಾರಿ ಸಭಾಂಗಣ ಸಿಗುವುದಿಲ್ಲ.

ಮಾರ್ಚಿನ ವರದಿಯನ್ನು ತಿದ್ದಲು ಅನುಮತಿ ಕೇಳಿದೆ. ಕಡತ ಆಗಲೇ ಸಲ್ಲಿಕೆಯಾಗಿತ್ತು. ಹಾಗಾಗಿ ಒಂದು ಪುಟದ ಅನುಬಂಧ ಬರೆದು ವಿಭಾಗದ ಪ್ರತಿಗೆ ಅಂಟಿಸಿದ್ದೇನೆ. ಅದರಲ್ಲಿ ಓದದೆ ಉಳಿದ ಹದಿನೆಂಟು ಪ್ರಶ್ನೆಗಳೂ ಇವೆ.

ಅಳತೆಗೆ ಅರ್ಜಿ ಕೊಟ್ಟಾಗಿದೆ, ಭೂಮಾಪಕರು ಬರುವ ದಿನ ಇನ್ನೂ ಗೊತ್ತಾಗಿಲ್ಲ. ಕಳೆದ ವಾರ ಮೊಮ್ಮಗಳ ಮೊಬೈಲಿನಿಂದ ಅಜ್ಜಿಯೇ ಮಾತಾಡಿದರು. ಅಳೆಯುವ ದಿನ ಟೀಚರ್ ಬರಬೇಕು, ಬರೆದುಕೊಳ್ಳುವವರು ಒಬ್ಬರು ನಮ್ಮ ಕಡೆಯೂ ಇರಲಿ ಎಂದರು. ಬರುತ್ತೇನೆ ಎಂದಿದ್ದೇನೆ.